ಪುದೀನ ಖಾಲಿಯಾದ ದಿನ: ಡೇಟಾ ಸೈಂಟಿಸ್ಟ್ ಮ್ಯಾನೇಜರ್ ಆದಾಗ

ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ ಇಲ್ಲಿದೆ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.

ಮೆಟ್ರೊದಲ್ಲಿ ನಿಂತ್ಕೊಂಡು ಕೇಳ್ತಿರೋರಿಗೆ, ಸಿಲ್ಕ್ ಬೋರ್ಡ್ ಹತ್ರ ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಂಡಿರೋರಿಗೆ, ರಾತ್ರಿ ಪಾತ್ರೆ ತೊಳೀತಾ ಕಿವಿಗೆ ಇಯರ್‌ಫೋನ್ ಹಾಕ್ಕೊಂಡಿರೋರಿಗೆ, ಎಲ್ಲರಿಗೂ ಸ್ವಾಗತ.

ನನಗೆ ಆಗಾಗ ಒಂದೇ ಥರದ ಮೆಸೇಜ್ ಬರುತ್ತೆ. "ಸರ್, ನಾನು ಡೇಟಾ ಸೈಂಟಿಸ್ಟ್. ಐದು ವರ್ಷ ಆಯ್ತು. ಟೀಮ್ ನೋಡ್ಕೋತೀಯಾ ಅಂತ ಕೇಳ್ತಿದಾರೆ. ಒಪ್ಪಿಕೊಳ್ಳಲಾ, ಬೇಡ್ವಾ?" ಇದಕ್ಕೆ ಎರಡು ಸಾಲಲ್ಲಿ ಉತ್ತರ ಕೊಡೋಕೆ ಎಷ್ಟೋ ಸಲ ಪ್ರಯತ್ನ ಮಾಡಿದ್ದೀನಿ, ಆಗಿಲ್ಲ. ಅದಕ್ಕೇ ಇವತ್ತು ಕೂತು ಪೂರ್ತಿ ಹೇಳ್ತೀನಿ. ಉಪದೇಶಕ್ಕಿಂತ ಹೆಚ್ಚಾಗಿ ಇದು ನಾನು ಮಾಡಿದ ಒಂದು ತಪ್ಪಿನ ಕಥೆ. ಅದರಲ್ಲಿ ಪುದೀನ ಸೊಪ್ಪು ಇದೆ, ಯುಗಾದಿ ಹಬ್ಬ ಇದೆ, ಮಂಡ್ಯ ಕಡೆಯ ಒಬ್ಬ ಹುಡುಗಿ ಇದ್ದಾಳೆ. ಕಂಪನಿಯ ಹೆಸರು, ಜನರ ಹೆಸರು ಹೇಳೋದಿಲ್ಲ. ತಪ್ಪು ನನ್ನದು, ಅಷ್ಟು ಗೊತ್ತಿದ್ರೆ ಸಾಕು.

ಬಡ್ತಿ ಅಂದ್ಕೊಂಡಿದ್ದೆ

ನಾನು ಕೆಲಸ ಮಾಡ್ತಿದ್ದದ್ದು ಬೆಂಗಳೂರಿನಲ್ಲಿ ತರಕಾರಿ, ದಿನಸಿ ಮನೆಗೆ ತಲುಪಿಸೋ ಒಂದು ಕಂಪನಿಯಲ್ಲಿ. ನನ್ನ ಕೆಲಸ ಬೇಡಿಕೆಯ ಅಂದಾಜು. ನಾಳೆ ಯಾವ ಬಡಾವಣೆಗೆ ಎಷ್ಟು ಕೆಜಿ ಟೊಮೆಟೊ, ಎಷ್ಟು ಕಟ್ಟು ಕೊತ್ತಂಬರಿ ಬೇಕಾಗುತ್ತೆ ಅಂತ ಇವತ್ತೇ ಹೇಳ್ಬೇಕು. ಹೆಚ್ಚು ಹೇಳಿದ್ರೆ ಸೊಪ್ಪು ಬಾಡಿ ತಿಪ್ಪೆಗೆ ಹೋಗುತ್ತೆ. ಕಡಿಮೆ ಹೇಳಿದ್ರೆ ಗ್ರಾಹಕರ ಫೋನಲ್ಲಿ "ಸ್ಟಾಕ್ ಇಲ್ಲ" ಅಂತ ಬರುತ್ತೆ. ಈ ಎರಡರ ಮಧ್ಯದ ಗೆರೆ ಹುಡುಕೋದೇ ನಮ್ಮ ಮಾಡೆಲ್‌ನ ಕೆಲಸ. ನನಗೆ ಅದು ತುಂಬಾ ಇಷ್ಟ ಇತ್ತು. ಚೆನ್ನಾಗೂ ಮಾಡ್ತಿದ್ದೆ.

ಚೆನ್ನಾಗಿ ಮಾಡ್ತಿದ್ದೆ ಅನ್ನೋ ಕಾರಣಕ್ಕೇ ಒಂದಿನ ಮೀಟಿಂಗ್ ರೂಮಿಗೆ ಕರೆದು, "ಇನ್ಮೇಲೆ ಈ ಐದು ಜನರ ಟೀಮು ನಿಂದು" ಅಂದ್ರು. ಖುಷಿಯಾಗಿ ಅಮ್ಮನಿಗೆ ಫೋನ್ ಮಾಡಿದೆ. ನಮ್ಮದು ಶಿರಸಿ ಕಡೆ ಒಂದು ಹಳ್ಳಿ. ಅಮ್ಮ ಎಲ್ಲಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ್ಲು: "ಹಾಗಾದ್ರೆ ಇನ್ಮೇಲೆ ನೀನು ಕೆಲಸ ಮಾಡೋದು ಬೇಡ್ವಾ? ಬೇರೆಯವರ ಹತ್ರ ಮಾಡಿಸೋದಾ?" ನಾನು ನಕ್ಕುಬಿಟ್ಟೆ. ಆ ಪ್ರಶ್ನೆ ಎಷ್ಟು ಸರಿಯಾಗಿತ್ತು ಅಂತ ಗೊತ್ತಾಗೋಕೆ ನನಗೆ ಒಂದು ವರ್ಷ ಬೇಕಾಯ್ತು.

ಇದು ನನ್ನೊಬ್ಬನ ಕಥೆ ಅಲ್ಲ. 1969ರಲ್ಲಿ ಲಾರೆನ್ಸ್ ಪೀಟರ್ ಮತ್ತು ರೇಮಂಡ್ ಹಲ್ ಅನ್ನೋರು ಬರೆದ "ದಿ ಪೀಟರ್ ಪ್ರಿನ್ಸಿಪಲ್" ಅನ್ನೋ ಪುಸ್ತಕ ಬಂತು. ಅರ್ಧ ತಮಾಷೆ, ಅರ್ಧ ನಿಜ. ಅದರ ತಿರುಳು ಇಷ್ಟೇ: ಈಗಿನ ಕೆಲಸ ಚೆನ್ನಾಗಿ ಮಾಡ್ತಾರೆ ಅಂತ ಜನರನ್ನ ಮೇಲಕ್ಕೆ ಏರಿಸ್ತಾ ಹೋಗ್ತೀವಿ, ಮೇಲಿನ ಕೆಲಸ ಅವರಿಗೆ ಬರದೇ ಇರೋ ಜಾಗ ಸಿಕ್ಕಾಗ ಅಲ್ಲೇ ನಿಂತುಬಿಡ್ತಾರೆ. ಅಂದ್ರೆ ಚೆನ್ನಾಗಿ ಈಜೋನನ್ನ ಕರ್ಕೊಂಡು ಬಂದು ಮರ ಹತ್ತು ಅಂದ ಹಾಗೆ.

ಇನ್ನೊಂದು ಉದಾಹರಣೆ ನಮ್ಮ ಕ್ಷೇತ್ರಕ್ಕೆ ಇನ್ನೂ ಹತ್ತಿರದ್ದು. ಗೂಗಲ್‌ನಲ್ಲಿ "ಪ್ರಾಜೆಕ್ಟ್ ಆಕ್ಸಿಜನ್" ಅಂತ ಒಂದು ಒಳಗಿನ ಅಧ್ಯಯನ ನಡೀತು. ಮ್ಯಾನೇಜರ್‌ಗಳು ನಿಜಕ್ಕೂ ಬೇಕಾ ಅಂತ ಡೇಟಾ ಇಟ್ಟುಕೊಂಡೇ ಪರೀಕ್ಷೆ ಮಾಡಿದ್ರು. ಒಳ್ಳೆ ಮ್ಯಾನೇಜರ್‌ಗಳಲ್ಲಿ ಕಾಣೋ ಎಂಟು ಗುಣಗಳ ಪಟ್ಟಿ ಬಂತು, ಅದು 2011ರಲ್ಲಿ ಸುದ್ದಿಯಾಯ್ತು. ಪಟ್ಟಿಯ ಮೊದಲನೇದು, ಜನರನ್ನ ಬೆಳೆಸೋ ಒಳ್ಳೆ ಕೋಚ್ ಆಗಿರೋದು. ತಾಂತ್ರಿಕ ಕೌಶಲ ಪಟ್ಟಿಯಲ್ಲಿತ್ತು. ಎಲ್ಲಿ ಅಂದ್ರೆ, ಎಂಟನೇ ಜಾಗದಲ್ಲಿ. ಕೊನೇದು. ನನ್ನನ್ನ ಮ್ಯಾನೇಜರ್ ಮಾಡಿದ್ದು ಯಾವ ಗುಣ ನೋಡಿ? ಆ ಎಂಟನೇದನ್ನ ನೋಡಿ.

ಸಂಜೆ ಆದ್ರೂ ಏನೂ ಮಾಡಿಲ್ಲ ಅನ್ನಿಸೋದು

ಮೊದಲ ಮೂರು ತಿಂಗಳು ನನಗೆ ಕಾಡಿದ್ದು ಕೆಲಸದ ಒತ್ತಡ ಅಲ್ಲ, ಒಂಥರಾ ಖಾಲಿತನ. ಡೇಟಾ ಸೈಂಟಿಸ್ಟ್ ಆಗಿದ್ದಾಗ ಕೋಡ್ ಬರೀತೀರಿ, ರನ್ ಮಾಡ್ತೀರಿ, ಉತ್ತರ ಬರುತ್ತೆ. ಎರರ್ ಬಂದ್ರೆ ಅದೂ ಒಂದು ಉತ್ತರಾನೇ. ಸಂಜೆ ಲ್ಯಾಪ್‌ಟಾಪ್ ಮುಚ್ಚುವಾಗ "ಇವತ್ತು ಇಷ್ಟು ಆಯ್ತು" ಅಂತ ತೋರಿಸೋಕೆ ಏನಾದ್ರೂ ಇರುತ್ತೆ. ಮ್ಯಾನೇಜರ್ ಆದ್ಮೇಲೆ ಬೆಳಿಗ್ಗೆಯಿಂದ ಏಳು ಮೀಟಿಂಗ್, ಐವತ್ತು ಮೆಸೇಜ್, ಯಾರೋ ಇಬ್ಬರ ಮಧ್ಯೆ ಸಣ್ಣ ಜಗಳ. ಮನೆಗೆ ಹೋಗಿ ಹೆಂಡತಿ "ಏನ್ ಮಾಡಿದ್ರಿ ಇವತ್ತು?" ಅಂತ ಕೇಳಿದ್ರೆ ಬಾಯಲ್ಲಿ ಉತ್ತರ ಇಲ್ಲ.

ಪಾಲ್ ಗ್ರಹಾಂ ಅನ್ನೋ ಪ್ರೋಗ್ರಾಮರ್ 2009ರಲ್ಲಿ ಇದರ ಬಗ್ಗೆ ಒಂದು ಪ್ರಸಿದ್ಧ ಪ್ರಬಂಧ ಬರೆದಿದ್ದಾರೆ. ಏನನ್ನಾದ್ರೂ ಕಟ್ಟೋ ಜನರ ದಿನ ಅರ್ಧರ್ಧ ದಿನದ ತುಂಡುಗಳಲ್ಲಿ ಇರುತ್ತೆ, ಮ್ಯಾನೇಜರ್‌ಗಳ ದಿನ ಒಂದೊಂದು ಗಂಟೆಯ ತುಂಡುಗಳಲ್ಲಿ ಇರುತ್ತೆ ಅಂತ ಅವರ ವಾದ. ಮಧ್ಯಾಹ್ನ ಮೂರಕ್ಕೆ ಒಂದು ಮೀಟಿಂಗ್ ಇದ್ರೆ ಮ್ಯಾನೇಜರ್‌ಗೆ ಹೋಗೋದು ಒಂದು ಗಂಟೆ. ಕೋಡ್ ಬರೆಯೋರಿಗೆ ಹೋಗೋದು ಇಡೀ ಮಧ್ಯಾಹ್ನ. ನಾನು ಮಾಡಿದ್ದೇನು? ದಿನವೆಲ್ಲ ಮ್ಯಾನೇಜರ್‌ನ ಗಂಟೆಗಳಲ್ಲಿ ಬದುಕಿ, ರಾತ್ರಿ ಊಟ ಆದ್ಮೇಲೆ ಹಳೇ ಕೆಲಸಕ್ಕೆ ಕೂರೋಕೆ ಶುರು ಮಾಡಿದೆ. ಹತ್ತರಿಂದ ಒಂದು ಗಂಟೆವರೆಗೆ. ಟೀಮಿನ ಕೋಡ್ ತೆಗೆದು "ಸ್ವಲ್ಪ ಸರಿಮಾಡ್ತೀನಿ" ಅಂತ.

ಬೆಳಿಗ್ಗೆ ಹುಡುಗರು ಬಂದು ನೋಡಿದ್ರೆ ನಿನ್ನೆ ಅವರು ಬರೆದದ್ದು ಇವತ್ತು ಬೇರೇನೋ ಆಗಿರ್ತಿತ್ತು. ಯಾರೂ ಏನೂ ಅನ್ನಲಿಲ್ಲ. ನಾನು ಅದನ್ನ ಒಪ್ಪಿಗೆ ಅಂದ್ಕೊಂಡೆ.

ಹೊಸತೊಡಕಿನ ಬೆಳಿಗ್ಗೆ

ಈಗ ಪುದೀನದ ಕಥೆಗೆ ಬರೋಣ.

2024ರ ಯುಗಾದಿ ಏಪ್ರಿಲ್ 9, ಮಂಗಳವಾರ. ಹಬ್ಬಕ್ಕೆ ಮೂರು ವಾರ ಮುಂಚೆಯೇ ತಯಾರಿ ಶುರುವಾಗಿತ್ತು. ಹಬ್ಬಗಳು ಅಂದಾಜಿನ ಮಾಡೆಲ್‌ಗಳಿಗೆ ದೊಡ್ಡ ತಲೆನೋವು. ಯಾಕಂದ್ರೆ ಯುಗಾದಿ ಚಾಂದ್ರಮಾನದ ಲೆಕ್ಕದಲ್ಲಿ ಬರುತ್ತೆ, ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಪ್ರತಿ ವರ್ಷ ಜಾಗ ಬದಲಾಯಿಸುತ್ತೆ. 2022ರಲ್ಲಿ ಏಪ್ರಿಲ್ 2, 2023ರಲ್ಲಿ ಮಾರ್ಚ್ 22. "ಕಳೆದ ವರ್ಷ ಇದೇ ತಾರೀಖು ಎಷ್ಟು ಮಾರಾಟ ಆಯ್ತು" ಅಂತ ಕೇಳಿದ್ರೆ ಮಾಡೆಲ್‌ಗೆ ಸಿಗೋದು ಯಾವುದೋ ಮಾಮೂಲಿ ದಿನ. ಅದಕ್ಕೇ ಹಬ್ಬದ ದಿನಗಳನ್ನ ನಾವೇ ಕೈಯಾರೆ ಹೇಳಿಕೊಡ್ಬೇಕು.

ಆ ಕೆಲಸವನ್ನ ಟೀಮಿನ ಅತ್ಯಂತ ಕಿರಿಯ ಹುಡುಗಿಗೆ ಕೊಟ್ಟಿದ್ದೆ. ಮಂಡ್ಯ ಜಿಲ್ಲೆಯವಳು, ಕೆಲಸಕ್ಕೆ ಸೇರಿ ಒಂದೂವರೆ ವರ್ಷ. ಮಾತು ಕಡಿಮೆ. ಅವಳು ಯುಗಾದಿ ಹಿಂದಿನ ದಿನಕ್ಕೆ ಒಂದು ಕಾಲಮ್, ಹಬ್ಬದ ದಿನಕ್ಕೆ ಒಂದು, ಹಬ್ಬದ ಮರುದಿನಕ್ಕೆ ಇನ್ನೊಂದು ಮಾಡಿದ್ದಳು.

ಒಂದು ರಾತ್ರಿ ಅದನ್ನ ತೆಗೆದು ನೋಡಿದೆ. ಹಿಂದಿನ ದಿನದ್ದು ಅರ್ಥ ಆಯ್ತು: ಮಾವಿನ ಎಲೆ, ಬೇವಿನ ಹೂ, ಹೋಳಿಗೆಗೆ ಬೇಳೆ, ಬೆಲ್ಲ. ಮರುದಿನಕ್ಕೆ ಯಾಕೆ ಬೇರೆ ಕಾಲಮ್? ನಮ್ಮನೇಲಿ ಯುಗಾದಿ ಮರುದಿನ ಅಂದ್ರೆ ಉಳಿದ ಹೋಳಿಗೆಗೆ ತುಪ್ಪ ಹಾಕ್ಕೊಂಡು ತಿನ್ನೋ ದಿನ. ಡೇಟಾ ನೋಡಿದೆ. 2022ರಲ್ಲಿ ಯುಗಾದಿ ಮರುದಿನ ಭಾನುವಾರ. ಆವತ್ತು ಪುದೀನ, ಕೊತ್ತಂಬರಿ, ಶುಂಠಿ ಜೋರಾಗಿ ಹೋಗಿದೆ. ಆದ್ರೆ ಭಾನುವಾರ ಯಾವಾಗ್ಲೂ ಜೋರೇ. 2023ರಲ್ಲಿ ಮರುದಿನ ಗುರುವಾರ. ಆವತ್ತು ಮಾರಾಟ ಮಾಮೂಲಿಗಿಂತ ಸ್ವಲ್ಪ ಮಾತ್ರ ಹೆಚ್ಚು. ನನ್ನ ತೀರ್ಮಾನ: ಇರೋದೇ ಎರಡು ವರ್ಷದ ಡೇಟಾ, ಅದರಲ್ಲಿ ಒಂದು ಭಾನುವಾರದ ಪ್ರಭಾವ, ಇನ್ನೊಂದರಲ್ಲಿ ಏನೂ ಇಲ್ಲ. ಆ ಕಾಲಮ್ ಕಿತ್ತು ಹಾಕಿದೆ. ಇನ್ನೂ ನಾಲ್ಕೈದು ಕಡೆ ತಿದ್ದಿ, ಹಳೇ ಡೇಟಾ ಮೇಲೆ ಪರೀಕ್ಷೆ ಮಾಡಿದೆ. ಸರಾಸರಿ ತಪ್ಪು ಶೇಕಡಾ 14ರಿಂದ 13ಕ್ಕೆ ಇಳೀತು. ನಮ್ಮ ಲೋಕದಲ್ಲಿ ಅದು ಸಣ್ಣದಲ್ಲ. ಬೆಳಿಗ್ಗೆ ಟೀಮಿಗೆ ಹೆಮ್ಮೆಯಿಂದ ಹೇಳಿದೆ. ಅವಳು ಪರದೆ ನೋಡ್ತಾ ಇದ್ದಳು. "ಏನಾದ್ರೂ ಹೇಳೋದಿದ್ಯಾ?" ಅಂತ ಎಲ್ಲರನ್ನೂ ಕೇಳಿದೆ. ಯಾರೂ ಏನೂ ಹೇಳಲಿಲ್ಲ.

ಏಪ್ರಿಲ್ 10, ಬುಧವಾರ. ಬೆಳಿಗ್ಗೆ ಏಳೂವರೆಗೆ ಫೋನ್. ಪುದೀನ ಖಾಲಿ. ಎಂಟಕ್ಕೆ ಕೊತ್ತಂಬರಿ ಖಾಲಿ. ಆಮೇಲೆ ಶುಂಠಿ, ನಿಂಬೆಹಣ್ಣು, ಸಣ್ಣ ಈರುಳ್ಳಿ. ಒಂದೊಂದಾಗಿ ಆ್ಯಪ್‌ನಲ್ಲಿ ಬೂದು ಬಣ್ಣಕ್ಕೆ ತಿರುಗ್ತಾ ಹೋದ್ವು.

ಹಳೇ ಮೈಸೂರು ಕಡೆಯವರು ಇಷ್ಟೊತ್ತಿಗೆ ನಗ್ತಾ ಇರ್ತೀರಿ. ನಿಮಗೆ ಗೊತ್ತು, ಯುಗಾದಿ ಮರುದಿನ ಹೊಸತೊಡಕು. ವರ್ಷದ ತೊಡಕು ಅಂತಾನೂ ಅಂತೀರಿ. ಬೆಳಗಿನ ಜಾವದಿಂದ ಮಟನ್ ಅಂಗಡಿ ಮುಂದೆ ಕ್ಯೂ ನಿಲ್ಲೋ ದಿನ. ಬೆಂಗಳೂರು, ಮಂಡ್ಯ, ಮೈಸೂರು, ರಾಮನಗರ, ಎಲ್ಲಾ ಕಡೆ ಮನೆಮನೆಯಲ್ಲಿ ಮಾಂಸದ ಅಡುಗೆ. ಅದಕ್ಕೆ ಪುದೀನ, ಕೊತ್ತಂಬರಿ, ಶುಂಠಿ ಬೇಡ್ವಾ? ಸಾಲದ್ದಕ್ಕೆ ಆ ವರ್ಷ ಗುರುವಾರವೇ ಬೆಂಗಳೂರಿನಲ್ಲಿ ರಂಜಾನ್. ಬಿರಿಯಾನಿಗೆ ಮುಂಚಿನ ದಿನವೇ ಸೊಪ್ಪು ತಗೊಳ್ಳೋರೂ ಸೇರಿಕೊಂಡ್ರು. ಎರಡು ಹಬ್ಬದ ಬೇಡಿಕೆ ಒಂದೇ ಬೆಳಿಗ್ಗೆ. ನನ್ನ ಮಾಡೆಲ್ ಅದನ್ನ "ಮಾಮೂಲಿ ಬುಧವಾರ" ಅಂತ ಅಂದಾಜು ಮಾಡಿತ್ತು.

ಶಿರಸಿಯ ಸಸ್ಯಾಹಾರಿ ಮನೆಯಿಂದ ಬಂದ ನನಗೆ ಹೊಸತೊಡಕು ಅನ್ನೋ ಪದ ಕೇಳಿ ಗೊತ್ತಿತ್ತು, ಅದರ ತೂಕ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಅಷ್ಟೇ ಅಲ್ಲ. ಸಂಜೆ ಅವಳ ನೋಟ್ಸ್ ತೆಗೆದು ಓದಿದಾಗ ಇನ್ನೊಂದು ವಿಷಯ ಸಿಕ್ತು. 2023ರ ಆ ಗುರುವಾರ ಮಾರಾಟ ಯಾಕೆ ಕಡಿಮೆ ಕಾಣ್ತಿದೆ ಅಂತ ಅವಳು ಗೋದಾಮಿನ ಅಣ್ಣನಿಗೆ ಫೋನ್ ಮಾಡಿ ಕೇಳಿದ್ದಳು. ಆವತ್ತೂ ಒಂಬತ್ತು ಗಂಟೆಗೆಲ್ಲ ಸೊಪ್ಪು ಖಾಲಿಯಾಗಿತ್ತಂತೆ. ಸ್ಟಾಕ್ ಇಲ್ಲದಿದ್ರೆ ಮಾರಾಟ ಇಲ್ಲ. ಮಾರಾಟ ಇಲ್ಲ ಅಂದ ಮಾತ್ರಕ್ಕೆ ಬೇಡಿಕೆ ಇರಲಿಲ್ಲ ಅಂತಲ್ಲ.

ಇದು ನಮ್ಮ ಕೆಲಸದ ಅ ಆ ಇ ಈ. ಡೇಟಾ ಸೈನ್ಸ್ ಕಲಿಯೋರಿಗೆ ನಾನೇ ಪಾಠ ಮಾಡ್ತಿದ್ದೆ, ಮಾರಾಟದ ಲೆಕ್ಕವನ್ನ ಬೇಡಿಕೆಯ ಲೆಕ್ಕ ಅಂತ ತಿಳ್ಕೋಬೇಡಿ ಅಂತ. ನಾನೇ ಮರೆತಿದ್ದೆ.

ಮತ್ತೆ ಆ ಶೇಕಡಾ ಒಂದರ ಹೆಮ್ಮೆ? ಸರಾಸರಿ ಅನ್ನೋದು 365 ದಿನಗಳನ್ನೂ ಒಂದೇ ತಕ್ಕಡೀಲಿ ಹಾಕುತ್ತೆ. ಯಾವುದೋ ಮಂಗಳವಾರ ಎರಡು ಕಟ್ಟು ಕಡಿಮೆ ಬಿದ್ರೆ ಯಾರೂ ಕೇಳಲ್ಲ. ಹೊಸತೊಡಕಿನ ಬೆಳಿಗ್ಗೆ ಮಸಾಲೆ ರುಬ್ಬೋಕೆ ನಿಂತಿರೋ ತಾಯಿಗೆ ಪುದೀನ ಸಿಗದಿದ್ರೆ ಅವರು ಮುಂದಿನ ವರ್ಷದವರೆಗೂ ಮರೆಯಲ್ಲ.

"ನೀವೇ ಮಾಡೋದಾದ್ರೆ ನನಗ್ಯಾಕೆ ಕೊಟ್ರಿ?"

ಮಾರನೇ ದಿನ ಅವಳನ್ನ ಕರೆದು ಕಾಫಿ ಕುಡಿಯೋಣ ಅಂದೆ. ತಪ್ಪು ನನ್ನದು ಅಂತ ಮೊದಲೇ ಹೇಳಿದೆ. ಆಮೇಲೆ ಕೇಳಿದೆ, "ಮೀಟಿಂಗಲ್ಲಿ ಕೇಳಿದಾಗ ಯಾಕೆ ಹೇಳಲಿಲ್ಲ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ಲು: "ಸರ್, ಬೇಜಾರ್ ಮಾಡ್ಕೋಬೇಡಿ. ಇದು ಮೂರನೇ ಸಲ. ಮೊದಲನೇ ಸಲ ಹೇಳಿದ್ದೆ. ನೀವು ಹದಿನೈದು ನಿಮಿಷ ಗ್ರಾಫ್ ತೋರಿಸಿ ನಂದು ತಪ್ಪು ಅಂತ ವಿವರಿಸಿದ್ರಿ. ನೀವು ಹೇಳಿದ್ದು ಸರಿಯಾಗೇ ಇತ್ತು. ಆದ್ರೆ ಆಮೇಲೆ ಹೇಳೋಕೆ ಮನಸ್ಸು ಬರಲಿಲ್ಲ. ರಾತ್ರಿ ನೀವೇ ಮತ್ತೆ ಮಾಡೋದಾದ್ರೆ ನನಗ್ಯಾಕೆ ಕೊಟ್ರಿ ಸರ್?"

ನನ್ನ ಹತ್ರ ಉತ್ತರ ಇರಲಿಲ್ಲ.

ಯೋಚನೆ ಮಾಡಿ. ಗೋದಾಮಿನಲ್ಲಿ ಆಗಿದ್ದೇ ನನ್ನ ಟೀಮಿನಲ್ಲೂ ಆಗಿತ್ತು. ಸ್ಟಾಕ್ ಇಲ್ಲದಾಗ ಮಾರಾಟ ಸೊನ್ನೆ ಕಾಣುತ್ತೆ, ಬೇಡಿಕೆ ಸೊನ್ನೆ ಆಗಿರಲ್ಲ. ಮೀಟಿಂಗಲ್ಲಿ ಮೌನ ಕಾಣುತ್ತೆ, ಅಭಿಪ್ರಾಯ ಇಲ್ಲ ಅಂತಲ್ಲ. ಹೇಳೋಕೆ ಜಾಗ ಇಲ್ಲದಿದ್ರೆ ಹೇಳಿಕೆ ದಾಖಲಾಗಲ್ಲ. ನಾನು ಆ ಸೊನ್ನೆಗಳನ್ನ ನೋಡ್ಕೊಂಡು "ಟೀಮು ಚೆನ್ನಾಗಿದೆ" ಅಂತ ಅಂದಾಜು ಮಾಡ್ತಾ ಕೂತಿದ್ದೆ.

ಡೇಟಾ ಸೈಂಟಿಸ್ಟ್ ಮ್ಯಾನೇಜರ್ ಆದಾಗ ಬದಲಾಗೋದು ಇದೇ. ಮೊದಲು ನಿಮ್ಮ ಡೇಟಾ ಟೇಬಲ್‌ನಲ್ಲಿ ಇರ್ತಿತ್ತು. ಈಗ ಅದು ಜನರ ತಲೆಯಲ್ಲಿರುತ್ತೆ, ಅವರಾಗೇ ಕೊಟ್ರೆ ಮಾತ್ರ ಸಿಗುತ್ತೆ. ಮೊದಲು ಕೋಡ್ ತಪ್ಪಾದ್ರೆ ಎರಡು ಸೆಕೆಂಡಿನಲ್ಲಿ ಕೆಂಪು ಅಕ್ಷರ ಬರ್ತಿತ್ತು. ಈಗ ತಪ್ಪು ಮಾಡಿದ್ರೆ ಆರು ತಿಂಗಳು ಏನೂ ಗೊತ್ತಾಗಲ್ಲ. ಒಂದಿನ ರಾಜೀನಾಮೆ ಪತ್ರದ ರೂಪದಲ್ಲಿ ಬರುತ್ತೆ.

ನನಗೂ ಬಂತು. ಕಾಫಿ ಮಾತಾದ ಐದು ವಾರಕ್ಕೆ ಅವಳು ಬೇರೆ ಕಡೆ ಕೆಲಸ ಸಿಕ್ಕಿದೆ ಅಂದ್ಲು. ಯುಗಾದಿಗೆ ಮುಂಚೆಯೇ ಹುಡುಕೋಕೆ ಶುರು ಮಾಡಿದ್ದಳಂತೆ. ಉಳಿಸ್ಕೊಳ್ಳೋಕೆ ಪ್ರಯತ್ನ ಮಾಡಿದೆ, ಆಗಲಿಲ್ಲ. ಕ್ಷಮೆ ಕೇಳಿದ ಮಾತ್ರಕ್ಕೆ ಎಲ್ಲಾ ಸರಿ ಹೋಗುತ್ತೆ ಅಂತ ನಂಬಿದ್ದೆ. ಹಾಗೆ ಆಗೋದು ಸಿನಿಮಾದಲ್ಲಿ.

ನಾನು ಬದಲಾಯಿಸಿಕೊಂಡ ನಾಲ್ಕು ವಿಷಯ

ಇನ್ನು ಸ್ವಲ್ಪ ಉಪಯೋಗಕ್ಕೆ ಬರೋ ಮಾತು. ಆಮೇಲೆ ನಾನು ನಾಲ್ಕು ಅಭ್ಯಾಸ ಮಾಡ್ಕೊಂಡೆ.

ಮೊದಲನೇದು, ರಾತ್ರಿ ಟೀಮಿನ ಕೋಡ್ ಮುಟ್ಟೋದಿಲ್ಲ. ಏನಾದ್ರೂ ತಪ್ಪು ಕಂಡ್ರೆ ಪ್ರಶ್ನೆಯ ರೂಪದಲ್ಲಿ ಬರೆದಿಡ್ತೀನಿ. "ಈ ಕಾಲಮ್ ಯಾಕಿದೆ, ನನಗೆ ಅರ್ಥ ಆಗಲಿಲ್ಲ" ಅಂತ. ಆವತ್ತು ಈ ಒಂದು ಸಾಲು ಬರೆದಿದ್ರೆ ಅವಳು ಒಂದು ಸಾಲಿನ ಉತ್ತರ ಕೊಡ್ತಿದ್ದಳು: "ಸರ್, ಹೊಸತೊಡಕು." ಮುಗೀತಿತ್ತು. ಕೋಡ್ ಬರೆಯೋ ಆಸೆ ತಡೆಯೋಕೆ ಆಗದಿದ್ರೆ ಯಾರ ಕೆಲಸಕ್ಕೂ ಅಡ್ಡ ಬರದ ಸಣ್ಣ ಕೆಲಸ ತಗೋತೀನಿ. ಹಳೇ ರಿಪೋರ್ಟ್ ರಿಪೇರಿ, ಡೇಟಾ ಕ್ಲೀನಿಂಗ್, ಅಂಥದ್ದು.

ಎರಡನೇದು, ವಾರಕ್ಕೊಮ್ಮೆ ಪ್ರತಿಯೊಬ್ಬರ ಜೊತೆ ಅರ್ಧ ಗಂಟೆ ಒಬ್ಬೊಬ್ಬರೇ ಮಾತು. ಕೆಲಸ ಎಲ್ಲಿಗೆ ಬಂತು ಅಂತ ಲೆಕ್ಕ ಕೇಳೋಕೆ ಅಲ್ಲ, ಅದಕ್ಕೆ ಬೇರೆ ದಾರಿ ಇದೆ. ಅಲ್ಲಿ ನಾನು ಕೇಳೋದು ಎರಡೇ. "ನನಗೆ ಗೊತ್ತಿಲ್ಲದೇ ಇರೋದು, ನಿಮಗೆ ಗೊತ್ತಿರೋದು ಏನಿದೆ?" ಇನ್ನೊಂದು, "ನಾನು ಯಾವುದಕ್ಕೆ ಅಡ್ಡ ಬರ್ತಿದ್ದೀನಿ?" ಮೊದಲ ನಾಲ್ಕು ವಾರ ಎಲ್ಲರೂ "ಏನಿಲ್ಲ ಸರ್" ಅಂದ್ರು. ಐದನೇ ವಾರ ಒಬ್ಬ ಬಾಯಿ ಬಿಟ್ಟ. ಅವನು ಹೇಳಿದ್ದಕ್ಕೆ ನಾನು ವಾದ ಮಾಡದೇ ಬರ್ಕೊಂಡೆ. ಮರುವಾರ ಇನ್ನಿಬ್ಬರು ಹೇಳಿದ್ರು. ನೀವು ಮೊದಲನೆಯವರ ಮಾತಿಗೆ ಏನು ಮಾಡ್ತೀರಿ ಅಂತ ಉಳಿದವರೆಲ್ಲ ನೋಡ್ತಾ ಇರ್ತಾರೆ.

ಮೂರನೇದು, ಮಾಡೆಲ್ ಮಾಡಿದವರೇ ಅದನ್ನ ಖರೀದಿ ವಿಭಾಗದ ಮುಂದೆ ಮಂಡಿಸ್ಬೇಕು. ಮೊದಲು ನಾನೇ ಹೋಗಿ ಹೇಳ್ತಿದ್ದೆ, ಹೊಗಳಿಕೆ ನನಗೇ ಬರ್ತಿತ್ತು. ಈಗ ಅವರು ಹೇಳ್ತಾರೆ, ನಾನು ಪಕ್ಕದಲ್ಲಿ ಕೂತಿರ್ತೀನಿ. ನನ್ನ ಕೆಲಸ ಹಿಂದಿನ ದಿನ ಭಾಷೆ ಸರಿಮಾಡೋಕೆ ಸಹಾಯ ಮಾಡೋದು. ಕೋಲಾರ, ಚಿಕ್ಕಬಳ್ಳಾಪುರದಿಂದ ತರಕಾರಿ ತರಿಸೋರಿಗೆ "ಸರಾಸರಿ ತಪ್ಪು ಶೇಕಡಾ ಒಂದು ಇಳೀತು" ಅಂದ್ರೆ ಏನೂ ಅನ್ನಿಸಲ್ಲ. "ದಿನಕ್ಕೆ ಇಷ್ಟು ಕಟ್ಟು ಸೊಪ್ಪು ತಿಪ್ಪೆಗೆ ಹೋಗೋದು ತಪ್ಪುತ್ತೆ, ಆದ್ರೆ ಹಬ್ಬದ ದಿನ ಇದನ್ನ ನಂಬಬೇಡಿ" ಅಂದ್ರೆ ಕುರ್ಚಿಯಲ್ಲಿ ಮುಂದಕ್ಕೆ ಬರ್ತಾರೆ. ಆಮೇಲೆ ಅವರೇ ಹೇಳ್ತಾರೆ: "ಹಬ್ಬ ಅಂದ್ರಲ್ಲ, ಆಷಾಢದಲ್ಲಿ ಏನಾಗುತ್ತೆ ಗೊತ್ತಾ?" ಅಂತ. ಅಲ್ಲಿಂದ ಹೊಸ ಡೇಟಾ ಶುರು.

ನಾಲ್ಕನೇದು, ಬೇಡ ಅನ್ನೋದು. ಡೇಟಾ ಟೀಮಿಗೆ ದಿನಾ ಹತ್ತು ಜನ "ಒಂದು ಸಣ್ಣ ನಂಬರ್ ತೆಗೆದುಕೊಡಿ" ಅಂತ ಬರ್ತಾರೆ. ಸಣ್ಣ ನಂಬರ್ ಅನ್ನೋದು ಪ್ರಪಂಚದಲ್ಲಿಲ್ಲ. ಪ್ರತಿ ಸಣ್ಣ ನಂಬರ್ ಹಿಂದೆ ಒಬ್ಬರ ಅರ್ಧ ದಿನ ಇರುತ್ತೆ. ಆ ಹತ್ತರಲ್ಲಿ ಎಂಟಕ್ಕೆ "ಈ ನಂಬರ್ ಬಂದ್ರೆ ಏನು ತೀರ್ಮಾನ ಬದಲಾಗುತ್ತೆ?" ಅಂತ ಕೇಳೋದು ನನ್ನ ಕೆಲಸ. ಏನೂ ಬದಲಾಗಲ್ಲ ಅಂದ್ರೆ ತೆಗೆಯೋದಿಲ್ಲ. ಇದರಿಂದ ಒಂದಷ್ಟು ಜನ ಮುಖ ಗಂಟು ಹಾಕ್ಕೊಂಡ್ರು. ಆ ಗಂಟು ನನ್ನ ಮೇಲೆ ಬೀಳ್ಬೇಕು, ಟೀಮಿನ ಮೇಲೆ ಬೀಳಬಾರದು. ಸಂಬಳ ಕೊಡೋದೇ ಅದಕ್ಕೆ.

ಇಂಟೆಲ್ ಕಂಪನಿ ನಡೆಸಿದ ಆಂಡಿ ಗ್ರೋವ್ 1983ರಲ್ಲಿ "ಹೈ ಔಟ್‌ಪುಟ್ ಮ್ಯಾನೇಜ್‌ಮೆಂಟ್" ಅನ್ನೋ ಪುಸ್ತಕದಲ್ಲಿ ಒಂದು ಲೆಕ್ಕ ಕೊಡ್ತಾರೆ. ಮ್ಯಾನೇಜರ್ ಏನು ಉತ್ಪಾದನೆ ಮಾಡ್ತಾನೆ ಅಂದ್ರೆ, ಅವನ ಟೀಮು ಮಾಡಿದ್ದು, ಜೊತೆಗೆ ಅವನ ಪ್ರಭಾವ ಇರೋ ಅಕ್ಕಪಕ್ಕದ ಟೀಮುಗಳು ಮಾಡಿದ್ದು. ಅವನು ಖುದ್ದಾಗಿ ಕೂತು ಮಾಡಿದ್ದಕ್ಕೆ ಆ ಲೆಕ್ಕದಲ್ಲಿ ಬೇರೆ ಸಾಲೇ ಇಲ್ಲ. ನಮ್ಮಮ್ಮ ಗ್ರೋವ್ ಓದಿಲ್ಲ. ಆದ್ರೆ ಫೋನಲ್ಲಿ ಕೇಳಿದ್ದು ಅದನ್ನೇ.

ಹಾಗಾದ್ರೆ ಆಗ್ಬೇಕಾ, ಬೇಡ್ವಾ?

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಮೂರು ಪ್ರಶ್ನೆ ನಿಮಗೆ ನೀವೇ ಕೇಳ್ಕೊಳ್ಳಿ.

ಒಂದು. ನಿಮ್ಮ ಟೀಮಿನ ಕಿರಿಯರೊಬ್ಬರು ನಿಮಗಿಂತ ಒಳ್ಳೆ ಮಾಡೆಲ್ ಮಾಡಿದ್ರೆ ಹೊಟ್ಟೆಯೊಳಗೆ ಏನಾಗುತ್ತೆ? ಖುಷಿಯಾಗುತ್ತಾ, ಚುರ್ ಅನ್ನುತ್ತಾ? ಚುರ್ ಅಂದ್ರೆ ನೀವು ಕೆಟ್ಟವರು ಅಂತ ಅಲ್ಲ. ನಿಮಗಿನ್ನೂ ಕಟ್ಟೋ ಹಸಿವಿದೆ ಅಂತ ಅರ್ಥ. ಕಟ್ಟಿ.

ಎರಡು. ಇಡೀ ವಾರ ಒಂದು ಸಾಲು ಕೋಡೂ ಬರೆಯದೇ ಇದ್ರೆ, ಆ ವಾರ ಒಬ್ಬರ ಗೊಂದಲ ಬಿಡಿಸಿದ್ದು ನಿಮಗೆ ಕೆಲಸ ಅನ್ನಿಸುತ್ತಾ?

ಮೂರು. ನೀವು ಯಾಕೆ ಒಪ್ಕೋತಿದ್ದೀರಿ? ಸಂಬಳ, ಮನೆಯವರ ಮುಂದೆ ಹೇಳ್ಕೊಳ್ಳೋಕೆ ಒಂದು ಹುದ್ದೆ, "ಇನ್ನೂ ಮ್ಯಾನೇಜರ್ ಆಗಿಲ್ವಾ" ಅಂತ ಮದುವೆ ಮನೆಯಲ್ಲಿ ಕೇಳೋ ಮಾವ. ಇವೆಲ್ಲ ನಿಜವಾದ ಒತ್ತಡಗಳೇ, ನಾನು ಇಲ್ಲ ಅನ್ನಲ್ಲ. ಆದ್ರೆ ಈಗ ಎಷ್ಟೋ ಕಂಪನಿಗಳಲ್ಲಿ ಎರಡು ಏಣಿ ಇವೆ. ಜನರನ್ನ ನೋಡ್ಕೊಳ್ಳದೇ, ತಾಂತ್ರಿಕ ಕೆಲಸದಲ್ಲೇ ಸ್ಟಾಫ್, ಪ್ರಿನ್ಸಿಪಲ್ ಅಂತ ಮೇಲಕ್ಕೆ ಹೋಗ್ಬಹುದು. ನಿಮ್ಮ ಕಂಪನಿಯಲ್ಲಿ ಅದು ಇದೆಯಾ, ಬರೀ ಕಾಗದದ ಮೇಲಿದೆಯಾ ಅಂತ ವಿಚಾರಿಸಿ. ಆ ಹುದ್ದೆಯಲ್ಲಿ ನಿಜವಾಗಿ ಯಾರಿದ್ದಾರೆ ಅಂತ ಹೆಸರು ಕೇಳಿ.

ಹಾರೋ ಮುಂಚೆ ಸ್ವಲ್ಪ ಕಾಲು ಇಟ್ಟು ನೋಡ್ಬಹುದು. ಒಬ್ಬ ಇಂಟರ್ನ್‌ನ ಮೂರು ತಿಂಗಳು ನೋಡ್ಕೊಳ್ಳಿ. ಒಂದು ಪ್ರಾಜೆಕ್ಟನ್ನ ಕೋಡ್ ಮುಟ್ಟದೇ ನಡೆಸಿ. ಎರಡನೇ ತಿಂಗಳಿಗೆ ಗೊತ್ತಾಗುತ್ತೆ.

ಹೋದ್ಮೇಲೆ ವಾಪಸ್ ಬರೋದೂ ತಪ್ಪಲ್ಲ. ಚಾರಿಟಿ ಮೇಜರ್ಸ್ ಅನ್ನೋ ಎಂಜಿನಿಯರ್ 2017ರಲ್ಲಿ ಇದನ್ನ ಗಡಿಯಾರದ ಲೋಲಕಕ್ಕೆ ಹೋಲಿಸಿ ಬರೆದಿದ್ದಾರೆ. ಕೆಲವು ವರ್ಷ ಜನರ ಕೆಲಸ, ಕೆಲವು ವರ್ಷ ಕೈಯ ಕೆಲಸ, ಮತ್ತೆ ಆ ಕಡೆ. ಹಾಗೆ ಹೋಗಿ ಬಂದವರಿಗೆ ಎರಡೂ ಕಡೆಯ ಕಷ್ಟ ಗೊತ್ತಿರುತ್ತೆ. ನಮ್ಮ ಊರಲ್ಲಿ ಮ್ಯಾನೇಜರ್ ಆದವನು ಮತ್ತೆ ಕೋಡ್ ಬರೆಯೋಕೆ ಕೂತ್ರೆ "ಪಾಪ, ಏನಾಯ್ತೋ" ಅಂತಾರೆ. ಅನ್ನಲಿ ಬಿಡಿ.

ನಾನು ಉಳ್ಕೊಂಡೆ. ಈಗಲೂ ಕೆಲವು ರಾತ್ರಿ ಕೈ ತುರಿಸುತ್ತೆ. ಲ್ಯಾಪ್‌ಟಾಪ್ ತೆಗೆದು, ಯಾರದ್ದೋ ಕೋಡ್ ನೋಡಿ, ಒಂದು ಪ್ರಶ್ನೆ ಬರೆದು ಮುಚ್ಚಿಡ್ತೀನಿ.

2025ರ ಯುಗಾದಿ ಮಾರ್ಚ್ 30, ಭಾನುವಾರ ಬಂತು. ಹಬ್ಬದ ಹಿಂದಿನ ದಿನ ನನ್ನ ಫೋನಿಗೆ ಒಂದು ಮೆಸೇಜ್. ಆ ಹುಡುಗಿಯದ್ದು. ಈಗ ಬೇರೆ ಕಂಪನಿಯಲ್ಲಿ ಅವಳೇ ಮೂವರ ಟೀಮ್ ನೋಡ್ಕೋತಾಳೆ. ಬರೆದದ್ದು ಇಷ್ಟೇ: "ಸರ್, ಹಬ್ಬದ ಶುಭಾಶಯ. ಈ ಸಲ ಮರುದಿನ ಸೋಮವಾರ. ಕೆಲವರು ಸೋಮವಾರ ಮಾಂಸ ತಿನ್ನಲ್ಲ, ಮಂಗಳವಾರಕ್ಕೂ ಪುದೀನ ಇಟ್ಕೊಳ್ಳಿ."

ಟೀಮಿಗೆ ತೋರಿಸಿದೆ. ನಮ್ಮ ಪಟ್ಟಿಯಲ್ಲಿ ಅದು ಆಗಲೇ ಇತ್ತು. ಚನ್ನಪಟ್ಟಣದ ಹುಡುಗನೊಬ್ಬ ಎರಡು ವಾರ ಮುಂಚೆಯೇ ಹಾಕಿದ್ದ. ಅವನ ಕಾಲಮ್‌ನ ಯಾರೂ ರಾತ್ರಿ ಕಿತ್ತು ಹಾಕಿರಲಿಲ್ಲ.

ಇವತ್ತಿಗೆ ಇಷ್ಟು. ನಿಮಗೆ ಯಾರಾದ್ರೂ "ಟೀಮ್ ನೋಡ್ಕೋತೀಯಾ" ಅಂತ ಕೇಳಿದ್ದಾರಾ? ಅಥವಾ ನಿಮ್ಮ ಮ್ಯಾನೇಜರ್‌ಗೆ ಹೇಳ್ಬೇಕು ಅಂತಿದ್ದು ಹೇಳದೇ ಉಳಿದ ಮಾತು ಇದೆಯಾ? ನಮಗೆ ಬರೆದು ಕಳಿಸಿ, ಹೆಸರು ಹೇಳದೇ ಮುಂದಿನ ಸಂಚಿಕೆಯಲ್ಲಿ ಓದ್ತೀನಿ. ಟೀಮಿಗೆ ಹೊಸದಾಗಿ ಮ್ಯಾನೇಜರ್ ಆಗಿರೋ ಗೆಳೆಯರಿದ್ರೆ ಇದನ್ನ ಅವರಿಗೂ ಕಳಿಸಿ. ಅವರೇನಾದ್ರೂ ಬೇಜಾರ್ ಮಾಡ್ಕೊಂಡ್ರೆ ಬೈಗುಳ ನನಗೆ ಕಳಿಸಿ.